ಹಾಸಗೊಪ್ಪದ ಕರಿಗೈ ಮಂಟಪ

ಹಾಸಗೊಪ್ಪದ ಮೂಡಲಿಗೆ, ಊರು ಮುಗಿದು ಎರೆಹೊಲ ಶುರುವಾಗುವಲ್ಲಿ, ಒಂದು ದಿಬ್ಬವಿದೆ. ಅದರ ಮೇಲೊಂದು ಕಲ್ಲಿನ ಮಂಟಪ. ಗೋಪುರವಿಲ್ಲ, ಗಂಟೆಯಿಲ್ಲ, ಒಳಗೆ ಮೂರ್ತಿಯೂ ಇಲ್ಲ. ಮೂರು ಕಡೆಯ ಗೋಡೆ ಬಿದ್ದು ಮತ್ತೆ ಕಟ್ಟಿದವು. ಪಡುವಣ ಗೋಡೆ ಮಾತ್ರ ಮೊದಲಿನದು, ಮೊಳದಷ್ಟು ದಪ್ಪ. ಅದರಲ್ಲಿ ಸೊಂಟದ ಎತ್ತರಕ್ಕೆ ಒಂದು ಕಿಂಡಿ. ಒಂದು ಕೈ, ಕೈಯಲ್ಲೊಂದು ಕುಡಿಕೆ ತೂರುವಷ್ಟೇ ಅಗಲ. ಕಿಂಡಿಯ ಕೆಳಗಿನ ಕಲ್ಲು ಸವೆದು ನುಣ್ಣಗಾಗಿದೆ. ಹೊರಗಡೆ ಆ ಕಿಂಡಿಗೆ ಮರೆಯಾಗಿ ಇನ್ನೊಂದು ಗಿಡ್ಡ ಗೋಡೆ, ನಡುವೆ ಒಬ್ಬರೇ ನಡೆಯಬಹುದಾದ ಓಣಿ, ಓಣಿಯ ಬಾಯಲ್ಲಿ ಕಂಬಳಿ ತೂಗುಹಾಕಲು ಕಲ್ಲಿನ ಗೂಟ. ನೋಡಲು ಬಂದವರು ಇದನ್ನು ಬಾಣ ಬಿಡುವ ಕಿಂಡಿ ಎಂದುಕೊಂಡು ಫೋಟೊ ಹೊಡೆದುಕೊಳ್ಳುತ್ತಾರೆ. ಎದುರಿಗೇ ಗೋಡೆಯಿಟ್ಟುಕೊಂಡು ಬಾಣ ಬಿಡುವ ಜಾಣರು ಯಾವ ಊರಲ್ಲಿದ್ದಾರೋ ನಾ ಕಾಣೆ. ಇನ್ನು ಕೆಲವರು ಹೆಸರು ಕೇಳಿ, ಕರಿಯ ಕೈಯ ಯಾವುದೋ ದೇವಿಯ ಗುಡಿ ಇದು, ಮೂರ್ತಿ ಕಳುವಾಗಿದೆ ಎನ್ನುತ್ತಾರೆ. ಕಳುವಾಗಲು ಇಲ್ಲಿ ಯಾವ ಮೂರ್ತಿಯೂ ಇರಲಿಲ್ಲ. ಕರಿಗೈ ಇದ್ದದ್ದು ಒಬ್ಬ ಹೆಣ್ಣುಮಗಳಿಗೆ.

ಹಿಂದೆ ಒಮ್ಮೆ, ಹಾಸಗೊಪ್ಪದಲ್ಲಿ ಮನೆಮನೆಗೂ ಮಗ್ಗವಿದ್ದ ಕಾಲದಲ್ಲಿ, ನೇಕಾರರೇ ಈ ಮಂಟಪ ಕಟ್ಟಿದರು. ಮಗ್ಗಕ್ಕೆ ಹೊಸ ನೂಲಿನ ಹಾಸು ಹೂಡಿದ ಮನೆಯವರು ಒಂದು ಬೊಗಸೆ ಜೋಳ ತಂದು ಇಲ್ಲಿನ ವಾಡೆಗೆ, ಕಾಳು ತುಂಬುವ ಮಣ್ಣಿನ ಗುಡಾಣಕ್ಕೆ, ಸುರಿಯಬೇಕು. ಆ ಜೋಳದಿಂದ ದಿನವೂ ಇಳಿಹೊತ್ತಿಗೆ ಅಂಬಲಿ ಕಾಯಿಸಬೇಕು. ಗಂಡ ಸತ್ತವಳು, ಜ್ವರದಲ್ಲಿ ಮಲಗಿ ಎದ್ದವನು, ಮಗ್ಗ ಮುರಿದು ಕೂತವನು, ಯಾರೇ ಆಗಲಿ, ಬಂದು ಕುಡಿಯಬಹುದು. ಆದರೆ ಯಾರು ಬಂದರು ಎಂಬುದು ಯಾರಿಗೂ ಗೊತ್ತಾಗಕೂಡದು. ಬಂದವರು ಓಣಿಯ ಬಾಯಿಗೆ ಕಂಬಳಿ ಇಳಿಬಿಟ್ಟು ಒಳಹೋಗುವರು. ಕಂಬಳಿ ಇಳಿದಿದ್ದರೆ ಬೇರೆಯವರು ಅತ್ತ ಸುಳಿಯುವಂತಿಲ್ಲ. ಮನೆಯ ಪಾತ್ರೆ ತಂದರೆ ಗುರುತು ಹತ್ತೀತೆಂದು ಕುಂಬಾರರಿಂದ ಒಂದೇ ಬಗೆಯ ಕುಡಿಕೆ ಮಾಡಿಸಿ ಅಲ್ಲಿಯೇ ಒಟ್ಟಿದ್ದರು. ಒಳಗೆ ಅಂಬಲಿ ಹಾಕುವವಳು ಕಿಂಡಿಗೆ ಬೆನ್ನು ಮಾಡಿ ಒಲೆಯ ಕಡೆ ಮುಖವಿಟ್ಟು ಕೂರಬೇಕು. ಕಿಂಡಿಯಲ್ಲಿ ಕುಡಿಕೆ ಕಲ್ಲಿಗೆ ತಾಗಿದ ಸದ್ದಾದರೆ ಹಿಂದಕ್ಕೆ ಕೈ ಚಾಚಿ ಕುಡಿಕೆ ತೆಗೆದುಕೊಳ್ಳಬೇಕು, ತುಂಬಿ ಅದೇ ಕೈಗೆ ಮುಟ್ಟಿಸಬೇಕು. ಬಂದ ಕೈಯನ್ನು ನೋಡಕೂಡದು. ಒಳಗಿನವರಾಗಲಿ ಹೊರಗಿನವರಾಗಲಿ ಪಿಟ್ ಎನ್ನಕೂಡದು. ಹಸಿದವನ ಮಾನ ಹೇಗೆ ಕಾಯಬೇಕೆಂದು ಆ ಜನಕ್ಕೆ ಗೊತ್ತಿತ್ತು, ನೋಡಿ.

ಆ ಕಾಲಕ್ಕೆ ಒಳಗೆ ಕೂರುತ್ತಿದ್ದವಳು ಭರಮವ್ವ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದ ಒಬ್ಬಳೇ ಮಗಳು ಸಂಕವ್ವನನ್ನು ಅದೇ ಊರಿನ ಹಿರೇಮಗ್ಗದ ಮನೆತನಕ್ಕೆ ಕೊಟ್ಟು, ತಾನು ಮಂಟಪದ ಸೇವೆಗೆ ನಿಂತವಳು. ಸೇವೆಗೆ ನಿಂತ ಮೇಲೆ ದಿಬ್ಬ ಇಳಿದು ಯಾರ ಮನೆಯ ಹೊಸ್ತಿಲನ್ನೂ ತುಳಿಯುವಂತಿಲ್ಲ, ನೆಂಟರೂ ಅವಳನ್ನು ಕಾಣಲು ಹತ್ತಿ ಬರುವಂತಿಲ್ಲ. ಇವಳು ಮನೆಗಳಿಗೆ ಹೋಗಿ ಬಂದರೆ ಯಾವ ಕೈ ಯಾರದೆಂದು ಗುರುತು ಸಿಕ್ಕೀತು ಎಂಬ ಕಟ್ಟಲೆ. ಭರಮವ್ವ ಹಟದ ಹೆಂಗಸು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕತ್ತು ತಿರುಗಿಸಿದವಳಲ್ಲ, ಅದೇ ಅವಳ ಹೆಮ್ಮೆ. ಮಗಳು ಮಾತ್ರ ಕಣ್ಮುಂದೆ ಇಲ್ಲವೆಂಬ ಕೊರಗು ಇದ್ದೇ ಇತ್ತು. ಆದರೆ ಹಿರೇಮಗ್ಗದ ಮನೆ ದಿಬ್ಬದ ಬುಡಕ್ಕೇ ಇತ್ತು. ಬೆಳಿಗ್ಗೆ ಅಲ್ಲಿ ಒಲೆಯ ಹೊಗೆ ಏಳುವುದನ್ನು ಕಂಡರೆ, ಮಗ್ಗದ ಸದ್ದು ಕಿವಿಗೆ ಬಿದ್ದರೆ, ಮಗಳು ಉಂಡು ನೆಮ್ಮದಿಯಿಂದಿದ್ದಾಳೆ ಎಂದುಕೊಂಡು ತನ್ನ ಕೆಲಸಕ್ಕೆ ಬಗ್ಗುವಳು.

ಹೀಗಿರುವಾಗ ದೊರೆಗಳ ಜಗಳ ಹತ್ತಿಕೊಂಡು ನಾಡಿನ ದಾರಿಗಳೆಲ್ಲ ದಂಡಿನವರ ಪಾಲಾದವು. ನೂಲಿನ ಗಾಡಿ ಬರುವುದು ನಿಂತಿತು. ನೂಲಿಲ್ಲದೆ ಮಗ್ಗ ನಿಂತವು. ಹಾಸು ಹೂಡುವವರಿಲ್ಲದೆ ವಾಡೆಗೆ ಜೋಳ ಬೀಳುವುದು ನಿಂತಿತು. ಕಿಂಡಿಗೆ ಬರುವ ಕೈ ಮಾತ್ರ ಹೆಚ್ಚುತ್ತ ಹೋದವು. ಕೊಪ್ಪರಿಗೆ ಅರ್ಧ ಹೊತ್ತಿಗೇ ಬರಿದಾಗುತ್ತಿತ್ತು. ಭರಮವ್ವ ಖಾಲಿ ಕುಡಿಕೆಯನ್ನೇ ಹಿಂದಕ್ಕೆ ತಳ್ಳುವಳು, ಇನ್ನೇನು ಮಾಡಿಯಾಳು? ಕೊನೆಗೆ ದೈವ ಕೂಡಿತು. ದೈವವೆಂದರೆ ನಮ್ಮ ಕಡೆ ನೇಕಾರರ ಕೇರಿಯ ಹಿರಿಯರ ಕೂಟ. ಅದರ ಯಜಮಾನ ನೂಲಿನ ವ್ಯಾಪಾರಿ ಅಡಿವೆಪ್ಪಶೆಟ್ಟಿ. ಅವನನ್ನು ರಾಕ್ಷಸನೆಂದು ಹಾಡು ಕಟ್ಟಿದವರಿದ್ದಾರೆ, ಅದು ಸುಳ್ಳು. ನೆಲದೊಳಗೆ ಕೂಡಿಟ್ಟ ತನ್ನ ಹಗೇವಿನ ಜೋಳದಲ್ಲಿ ಅರ್ಧ ತೆಗೆದು ವಾಡೆಗೆ ಸುರಿದವನು ಅವನೇ. ಕೊಟ್ಟ ಮೇಲೆ ಅವನಿಗೆ ಒಂದು ಅನುಮಾನ ಹೊಕ್ಕಿತು: ಮನೆಯಲ್ಲಿ ಕಾಳು ಇದ್ದವರೂ ಬಂದು ಕುಡಿದು ಹೋಗುತ್ತಿದ್ದಾರೆ. ಕೊಡುವವನಿಗೆ ಈ ಅನುಮಾನ ಒಮ್ಮೆ ಅಂಟಿತೆಂದರೆ ಬಿಡಿಸುವುದು ಕಷ್ಟ.

"ಅಗಸರ ಕೇರುಬೀಜದ ಎಣ್ಣಿ ತರಸ್ರಿ," ಎಂದನಂತೆ ದೈವದ ಮುಂದೆ. "ಅಂಬಲಿ ಇಸಗೊಂಡ ಕೈಗೆ ಒಂದು ಬೊಟ್ಟು ಇಡ್ಲಿ. ಖರೇನ ಹಸದವರು ಬೊಟ್ಟಿಗೆ ಅಂಜೂದಿಲ್ಲ. ಅಂಜವ್ರು ಹಸದವರಲ್ಲ."

ಕೇರುಬೀಜದ ಎಣ್ಣೆಯೆಂದರೆ ಅಗಸರು ಯಾರ ಬಟ್ಟೆ ಯಾರದೆಂದು ಗುರುತಿಗೆ ಹಚ್ಚುವಂಥದು. ಬಟ್ಟೆ ಹರಿದರೂ ಅದರ ಕಪ್ಪು ಹೋಗುವುದಿಲ್ಲ; ಚರ್ಮಕ್ಕೆ ತಾಗಿದರೆ ಬೊಬ್ಬೆಯೆದ್ದು ಕರಿಯ ಕಲೆ ಬಹಳ ದಿನ ನಿಲ್ಲುತ್ತದೆ. ಯಜಮಾನನ ಜೋಳ ಉಂಡ ವಾಡೆ, ಎದುರಾಡುವವರು ಯಾರು? ದೈವದವರು ಹೂಂ ಎಂದರು. ಮಾರನೆಯ ದಿನದಿಂದ ಭರಮವ್ವನ ಮಗ್ಗುಲಿಗೆ ಒಂದು ಎಣ್ಣೆಯ ಕುಡಿಕೆ, ಒಂದು ಕಡ್ಡಿ ಬಂದವು. ಅವಳು ಮೊದಲಿನಂತೆಯೇ ಬೆನ್ನು ಮಾಡಿ ಕೂತಳು. ಕೈ ನೋಡಬಾರದೆಂಬ ಕಟ್ಟಲೆಯನ್ನು ದೈವ ಮುರಿದಿರಲಿಲ್ಲವಲ್ಲ! ಹಿಂದಕ್ಕೆ ಕೈ ಚಾಚಿ, ಮಣಿಕಟ್ಟನ್ನು ಬೆರಳಲ್ಲಿ ತಡವಿ, ಬೊಟ್ಟಿಟ್ಟು, ಕುಡಿಕೆ ಕೊಡುವಳು. ದಿನ ಕಳೆದಂತೆ ಬರುವ ಕೈ ಕಡಿಮೆಯಾದವು. ಬಾವಿಕಟ್ಟೆಯಲ್ಲಿ ಹಗ್ಗ ಜಗ್ಗುವಾಗ ಯಾರ ಸೆರಗು ಮಣಿಕಟ್ಟಿನವರೆಗೆ ಇಳಿದಿದೆ ಎಂದು ಜನ ನೋಡತೊಡಗಿದ್ದರು. ಕೊಪ್ಪರಿಗೆಯಲ್ಲಿ ಅಂಬಲಿ ಉಳಿಯತೊಡಗಿತು. ಅಡಿವೆಪ್ಪಶೆಟ್ಟಿ ದಿಬ್ಬಕ್ಕೆ ಬಂದು ಅದನ್ನು ಇಣುಕಿ ನೋಡಿ, "ನಾ ಹೇಳಲಿಲ್ಲೇನು?" ಎಂದು ಮೀಸೆ ಮೇಲೆ ಕೈಯಾಡಿಸಿದ. ಭರಮವ್ವನಿಗೂ ಸಮಾಧಾನವಾಯಿತು. ಯಾರಿಗೂ ಖಾಲಿ ಕುಡಿಕೆ ತಳ್ಳುವ ಸಂಕಟ ತಪ್ಪಿತಲ್ಲ ಎಂದುಕೊಂಡಳು ಪಾಪ.

ಕೆಳಗೆ ಹಿರೇಮಗ್ಗದ ಮನೆಯಲ್ಲಿ ನಡೆಯುತ್ತಿದ್ದುದು ಬೇರೆಯೇ. ಊರ ದೇವರಿಗೆ ವರ್ಷವರ್ಷ ಸೀರೆ ನೇಯುವ ಹಕ್ಕು ಆ ಮನೆಯದು. ಆ ಮನೆಯಲ್ಲಿ ಕೂಳಿಲ್ಲವೆಂದು ಊರಿಗೆ ತಿಳಿಯುವುದುಂಟೆ? ಹಾಗೆಂದು ಮನೆಯ ಹಿರಿಯ, ಸಂಕವ್ವನ ಮಾವ, ಬೆಳಿಗ್ಗೆ ಒಲೆಯ ಮೇಲೆ ಏನೂ ಇಡದೆ ಬರೀ ಬೆಂಕಿ ಹೊತ್ತಿಸುತ್ತಿದ್ದ, ಹೊಗೆ ಮಾಡಿಗಿಂತ ಮೇಲೇಳಲೆಂದು. ನೂಲಿಲ್ಲದ ಮಗ್ಗದ ಕುಣಿಯಲ್ಲಿ ಮಗನನ್ನು ಕೂರಿಸಿ ಅದನ್ನು ಬರಿದೇ ಬಡಿಸುತ್ತಿದ್ದ, ಕೂಡಿಟ್ಟ ನೂಲು ಇನ್ನೂ ಇದೆಯೆಂದು ನೆರೆಯವರು ತಿಳಿಯಲೆಂದು. ಅದೇ ಹೊಗೆ ನೋಡಿ, ಅದೇ ಸದ್ದು ಕೇಳಿ ಮೇಲೆ ಭರಮವ್ವ ನಿಟ್ಟುಸಿರು ಬಿಡುತ್ತಿದ್ದಳು. ಸಂಕವ್ವನ ತೊಡೆಯ ಮೇಲೆ ಹಸುಗೂಸು. ಎದೆಯಲ್ಲಿ ಹಾಲು ಬತ್ತಿ ಕೂಸು ಅಳುವುದನ್ನೂ ಬಿಟ್ಟಿತು. ಅಳುವ ಕೂಸು ಅಳುವುದನ್ನು ಬಿಟ್ಟರೆ ತಾಯಿಯಾದವಳಿಗೆ ಇನ್ನಾವ ಮಾನ, ಇನ್ನಾವ ಮನೆತನ? ಒಂದು ಇಳಿಹೊತ್ತು, ನೀರಿಗೆಂದು ಕೊಡ ಹಿಡಿದು ಹೊರಟವಳು ದಿಬ್ಬ ಹತ್ತಿದಳು.

ಆ ದಿನ ಕಿಂಡಿಯಲ್ಲಿ ಕುಡಿಕೆಯ ಸದ್ದಾದಾಗ ಭರಮವ್ವ ಎಂದಿನಂತೆ ಕೈ ಚಾಚಿದಳು. ಬೆರಳಿಗೆ ಸಿಕ್ಕಿದ್ದು ಸಣ್ಣ ಮಣಿಕಟ್ಟು, ಬಳೆಗಳನ್ನು ಸದ್ದಾಗದಂತೆ ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿತ್ತು. ಬೊಟ್ಟಿಟ್ಟಳು. ಕುಡಿಕೆ ತುಂಬಿ ಕಲ್ಲಿನ ಮೇಲಿಟ್ಟಳು. ಕೈ ಕುಡಿಕೆಯನ್ನು ಹಿಡಿಯಲಿಲ್ಲ. ಇನ್ನಷ್ಟು ಒಳಗೆ ಬಂತು. ತಡಕಾಡುತ್ತ ಬಂದು ಭರಮವ್ವನ ಬೆನ್ನು ಮುಟ್ಟಿತು, ಅಲ್ಲಿಂದ ಸೆರಗಿನ ಅಂಚನ್ನು ಹಿಡಿದುಕೊಂಡು ಹಾಗೇ ನಿಂತಿತು. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ ಕೈ ಒಂದೂ ಇರಲಿಲ್ಲ. ಇನ್ನೊಂದು ಕುಡಿಕೆ ಬೇಡುತ್ತಿದೆ ಎಂದುಕೊಂಡಳು ಭರಮವ್ವ. ಒಬ್ಬರಿಗೆ ಒಂದೇ ಎಂಬುದು ಕಟ್ಟಲೆ, ಬಾಯಿಬಿಟ್ಟು ಹೇಳುವಂತಿಲ್ಲ. ಸೆರಗು ಬಿಡಿಸಿಕೊಂಡು, ಕುಡಿಕೆಯನ್ನು ಆ ಬೆರಳುಗಳ ನಡುವೆ ತುರುಕಿ, ಕೈಯನ್ನು ಕಿಂಡಿಯಾಚೆಗೆ ತಳ್ಳಿದಳು. ಅಯ್ಯೋ ಶಿವನೇ, ಒಮ್ಮೆ ಹಿಂತಿರುಗಿ ನೋಡಿದ್ದರೆ ಆಗುತ್ತಿತ್ತು! ನೋಡಲಿಲ್ಲ.

ಮನೆಯಲ್ಲಿ ಬೊಟ್ಟು ಎಷ್ಟು ಹೊತ್ತು ಮುಚ್ಚಿಟ್ಟರೆ ಮುಚ್ಚೀತು? ಬೊಬ್ಬೆ ಎದ್ದಿತು, ಅತ್ತೆ ಕಂಡಳು, ಮಾವನಿಗೆ ಗೊತ್ತಾಯಿತು. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಕಲೆ ಅಳಿಯುವವರೆಗೆ ಹೊರಗೆ ಕಾಲಿಡಬೇಡ ಎಂದು ಹಿಂದಿನ ಕೋಣೆಗೆ ಕಳಿಸಿ ಬಾಗಿಲೆಳೆದುಕೊಂಡ. ಸಂಕವ್ವ ಕಲೆ ಅಳಿಸಲು ಬೂದಿ ಹಾಕಿ ತಿಕ್ಕಿದಳು, ಇಟ್ಟಿಗೆಯ ಚೂರಿನಿಂದ ಉಜ್ಜಿದಳು. ಚರ್ಮ ಸುಲಿಯಿತು, ಕಪ್ಪು ಹೋಗಲಿಲ್ಲ. ಗಾಯ ಕೀವಾಯಿತು. ಕೂಸು ಮೊದಲು ಹೋಯಿತು. ಜ್ವರ ಏರಿ ಇವಳೂ ಹೋದಳು.

ಮಗಳ ಹೆಣ ನೋಡಲು ಭರಮವ್ವ ಕಟ್ಟಲೆ ಮುರಿದು ದಿಬ್ಬ ಇಳಿದಳು. ಮೈ ತೊಳೆಯುತ್ತಿದ್ದ ಹೆಂಗಸರು ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. "ಅದನ್ನ ಬಿಚ್ಚಬ್ಯಾಡ ಯವ್ವಾ," ಎಂದಳು ಒಬ್ಬಳು. ಭರಮವ್ವ ಬಿಚ್ಚಿದಳು. ಸುಲಿದು ಹಸಿಯಾದ ಮಾಂಸದ ನಡುವೆ ಕರಿಯ ಕಲೆ ಹಾಗೆಯೇ ಇತ್ತು. ಒಂದೇ ಬೊಟ್ಟು. ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿದ್ದ ಬಳೆಗಳೂ ಹಾಗೇ ಇದ್ದವು. ಸೆರಗು ಹಿಡಿದ ಕೈ ಯಾವುದೆಂದು ಅವಳಿಗೆ ಆಗ ತಿಳಿಯಿತು. ಅದು ಇನ್ನೊಂದು ಕುಡಿಕೆ ಬೇಡಿರಲಿಲ್ಲ. ಅವ್ವಾ ಎನ್ನಲು ಬಾಯಿ ತೆರೆಯುವಂತಿಲ್ಲದೆ ಸೆರಗು ಹಿಡಿದಿತ್ತು.

ಅವಳು ಅಲ್ಲಿ ಅಳಲಿಲ್ಲ ಎನ್ನುತ್ತಾರೆ. ದಿಬ್ಬ ಹತ್ತಿ ಬಂದು, ಮಗ್ಗುಲಲ್ಲಿದ್ದ ಎಣ್ಣೆಯಷ್ಟನ್ನೂ ಎರಡೂ ಕೈಗೆ ಸುರಿದುಕೊಂಡು ಮೊಳಕೈವರೆಗೆ ತಿಕ್ಕಿಕೊಂಡಳು. ಕುಡಿಕೆಯನ್ನು ಒಲೆಯ ಕಲ್ಲಿಗೆ ಅಪ್ಪಳಿಸಿದಳು. ಸುದ್ದಿ ಕೇಳಿ ಅಡಿವೆಪ್ಪಶೆಟ್ಟಿ ಮರುದಿನ ಓಡಿಬರುವ ಹೊತ್ತಿಗೆ ಕೈಗಳು ಬಾತು, ಬೊಬ್ಬೆಯೊಡೆದು, ಸುಟ್ಟ ಕೊರಡಿನಂತಾಗಿದ್ದವು. ಅವಳು ಎರಡನ್ನೂ ಅವನ ಮುಂದೆ ಚಾಚಿದಳು.

"ಗುರುತು ಬೇಕಂದ್ರಿ, ಶೆಟ್ಟರ. ಇದ್ದದ್ದೆಲ್ಲಾ ನನ್ನ ಕೈಗೇ ಹಚಗೊಂಡೀನಿ. ಇನ್ನ ಯಾರಿಗೂ ಹಚ್ಚಾಕ ಉಳದಿಲ್ಲ."

ಶೆಟ್ಟಿ ದಿಬ್ಬ ಇಳಿದುಹೋದ. ಮತ್ತೆ ಎಣ್ಣೆ ತರಿಸೆಂದು ಹೇಳುವ ಎದೆ ದೈವದಲ್ಲಿ ಯಾರಿಗೂ ಇರಲಿಲ್ಲ. ಆ ಇಳಿಹೊತ್ತು ಭರಮವ್ವ ಮತ್ತೆ ಅಂಬಲಿ ಕಾಯಿಸಿದಳು. ಕಟ್ಟಲೆ ಬಿಟ್ಟು ಕಿಂಡಿಯ ಕಡೆಗೇ ಮುಖಮಾಡಿ ಕೂತಳು. ಬಂದ ಪ್ರತಿ ಕೈಯನ್ನೂ ಆ ಕರಿಗೈಗಳಲ್ಲಿ ಹಿಡಿದು, ನೋಡಿ, ಆಮೇಲೆ ಕುಡಿಕೆ ಕೊಟ್ಟಳು. ಯಾರ ಕೈಯೆಂದು ಅವಳಿಗೆ ಗೊತ್ತಾಗುತ್ತಿತ್ತು. ಅವಳ ಬಾಯಿಂದ ಒಂದು ಹೆಸರೂ ಹೊರಬೀಳಲಿಲ್ಲ. ಕೈ ಕೀವಾಗಿ, ನಂಜು ಮೈಗೇರಿ, ಹೆಚ್ಚು ದಿನ ಬಾಳಲಿಲ್ಲ. ದಂಡಿನವರು ಹಗೇವು ದೋಚಿದ ಮೇಲೆ ಶೆಟ್ಟಿಯೂ ಕಂಬಳಿ ಇಳಿಬಿಟ್ಟು ಈ ಕಿಂಡಿಗೆ ಕೈ ಚಾಚಿದನೆಂದು, ಅವಳು ಅವನ ಕೈಯನ್ನೂ ಹಿಡಿದಳೆಂದು ಕೆಲವರು ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಲೆಕ್ಕ ಚುಕ್ತಾ ಆಗಲೆಂದು ಜನ ಹೆಣೆದದ್ದಿರಬೇಕು. ಸತ್ತ ಕೂಸಿನ ಲೆಕ್ಕ ಹಾಗೆಲ್ಲ ಚುಕ್ತಾ ಆಗುವುದಿಲ್ಲ.

ಈಗ ಹಾಸಗೊಪ್ಪದಲ್ಲಿ ಮಗ್ಗಗಳು ಬೆರಳೆಣಿಕೆಯಷ್ಟು. ಆದರೂ ಸೋಮವಾರ ಸೋಮವಾರ ಮಂಟಪದಲ್ಲಿ ಅಂಬಲಿ ಕಾಯುತ್ತದೆ. ನೇಕಾರರ ಕೇರಿಯ ಹೆಂಗಸರಲ್ಲಿ ಸರದಿಯ ಮೇಲೆ ಒಬ್ಬಳು ಎರಡೂ ಕೈಗೆ ದೀಪದ ಮಸಿ ಬಳಿದುಕೊಂಡು ಕಿಂಡಿಗೆ ಮುಖಮಾಡಿ ಕೂರುತ್ತಾಳೆ. ಓಣಿಯ ಬಾಯಲ್ಲಿ ಕಂಬಳಿ ತೂಗುತ್ತದೆ. ಕೂಲಿ ಸಿಗದವರು ಬರುತ್ತಾರೆ, ಹೊಟ್ಟೆ ತುಂಬಿದವರೂ ಬರುತ್ತಾರೆ. ಕೈ ಹಿಡಿದವರೆಲ್ಲರ ಕೈಗೂ ಮಸಿಯಾಗುತ್ತದೆ, ತೊಳೆದರೆ ಹೋಗುತ್ತದೆ. ಕಾರಿನಲ್ಲಿ ಬಂದ ಹುಡುಗರು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಕಿಂಡಿಯೊಳಗೆ ಕೈ ಹಾಕುವುದುಂಟು. ಒಳಗಿನಿಂದ ಎರಡು ಬೆಚ್ಚಗಿನ ಕೈ ಬಂದು ಹಿಡಿದಾಗ ಬೆಚ್ಚಿ ತಳ್ಳಾಟ ಬಿಡುತ್ತಾರೆ. ಒಳಗಿನವಳು ತಾನಾಗಿ ಮೊದಲು ಕೈ ಬಿಡುವಂತಿಲ್ಲ. ಹೊರಗಿನವರು ಬಿಡಿಸಿಕೊಳ್ಳುವವರೆಗೂ ಹಿಡಿದೇ ಇರುತ್ತಾಳೆ.