ಹೊಳೆಗೆ ಅಡ್ಡ ನಿಂತ ನಾದಿನಿ

ಹೊಸ ಮದುಮಗಳು ಗಂಡನ ಹೆಸರು ಹೇಳುವ ತನಕ ನಾದಿನಿಯರು ದಾರಿ ಬಿಡಬಾರದು. ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲದಲ್ಲೇ ಈ ನಿಯಮ ಇತ್ತು.

ಆಗ ಬೆಟ್ಟದ ಮಗಳು ಬೆಳ್ಳಿಹೊಳೆಗೂ ಸಮುದ್ರರಾಯನಿಗೂ ಮದುವೆಯಾಯಿತು. ರಾಯನ ತಂಗಿಯರೆಂದರೆ ಬಂಡೆಗಳು. ಬೆಟ್ಟದ ಬುಡದಿಂದ ಬಯಲಿನವರೆಗೂ ಅವರು ದಾರಿಗೆ ಅಡ್ಡ ನಿಂತರು. ಎಲ್ಲರಿಗಿಂತ ಕೊನೆಯಲ್ಲಿ ನಿಂತವಳು ಕಿರಿಯವಳು, ಕರಿಯವ್ವ.

ಬಂದಳು ಹೊಳೆ! ಕುಣಿಯುತ್ತ, ಧುಮುಕುತ್ತ, ದಡದಡ ಬಂದಳು!

"ಹೆಸರು ಹೇಳಿ ಅತ್ತಿಗೆ!" ಎಂದಳು ಮೊದಲ ಬಂಡೆ.

"ಇಶ್ಶೀ, ನಾಚಿಕೆ! ಸರಿಯೇ ಆಚೆ, ಹೊತ್ತಾಯಿತು!" ಹೊಳೆ ಒಂದು ತಳ್ಳು ತಳ್ಳಿದಳು. ಬಂಡೆ ಕಿಸಕ್ಕನೆ ನಕ್ಕು ದಡಕ್ಕೆ ಸರಿದಳು.

"ಅಕ್ಕನೇ ಬಿಟ್ಟಮೇಲೆ ನನ್ನದೇನು?" ಎಂದು ಮುಂದಿನವಳೂ ಸರಿದಳು. ಅವಳ ಮುಂದಿನವಳೂ ಸರಿದಳು. ಕರಿಯವ್ವನೊಬ್ಬಳ ಹೊರತು ಎಲ್ಲರೂ ಸರಿದರು.

ತಡೆಯುವವರಿಲ್ಲದೆ ಹೊಳೆಯ ಓಟ ಏರಿತು. ಅವಳ ಮಡಿಲಲ್ಲಿ ಮೀನಿನ ಮರಿಗಳಿದ್ದವು. "ಅಯ್ಯೋ, ಉಪ್ಪುನೀರಿಗೆ ಬಿದ್ದರೆ ನಾವು ಬದುಕೋದಿಲ್ಲ! ಯಾರಾದರೂ ನಿಲ್ಲಿಸಿ!" ಎಂದು ಮರಿಗಳು ಕೂಗಿದವು.

ಕರಿಯವ್ವನಿಗೆ ಆ ಕೂಗು ಕೇಳಿಸಿತು.

"ಸರಿಯೇ ಹುಚ್ಚಿ, ಪುಡಿಪುಡಿ ಆಗ್ತೀಯ!" ಅಕ್ಕಂದಿರು ದಡದಿಂದ ಕಿರುಚಿದರು.

"ಎಲ್ಲರೂ ಬಿಟ್ಟಾಯಿತು. ನಿನ್ನೊಬ್ಬಳಿಂದ ಏನಾದೀತು?" ಎಂದಿತು ಗಾಳಿ.

"ಎಲ್ಲರೂ ಬಿಟ್ಟರೆ ನಿಯಮ ಸತ್ತುಹೋಗುತ್ತದೆಯೇ?" ಕರಿಯವ್ವ ಕಾಲೂರಿ ನಿಂತಳು.

ಧಡಾರ್! ಹೊಳೆ ಬಂದು ಅಪ್ಪಳಿಸಿದಳು. ನೊರೆ ಮರದೆತ್ತರ ಚಿಮ್ಮಿತು.

"ದಾರಿ ಬಿಡೇ, ಮೋಟುಗಲ್ಲೇ!"

"ಬಿಡ್ತೀನಿ ಅತ್ತಿಗೆ. ಅಣ್ಣನ ಹೆಸರು ಹೇಳಿ."

"ಅವರು... ಅದೇ... ಅವರು..."

"ಅವರು ಅಂದರೆ ಯಾರು?"

ಹೊಳೆ ಬುಸುಗುಟ್ಟಿದಳು. ಮೇಲೆ ಹಾರಿದಳು. ಎಡಕ್ಕೆ ನುಗ್ಗಿದಳು, ಬಲಕ್ಕೆ ನುಗ್ಗಿದಳು, ಸುತ್ತಿ ಸುತ್ತಿ ಸುಳಿಯಾದಳು. ಈ ಗದ್ದಲದಲ್ಲಿ ಕರಿಯವ್ವನ ಬೆನ್ನ ಹಿಂದಿನ ನೀರು ಮಾತ್ರ ಓಡುವುದನ್ನೇ ಮರೆತು ಸುಮ್ಮನೆ ನಿಂತುಬಿಟ್ಟಿತು.

"ಬನ್ನಿ ಮಕ್ಕಳೇ, ಇಲ್ಲಿ! ನನ್ನ ಬೆನ್ನ ಹಿಂದೆ!"

ಮರಿಗಳು ಪುಳಕ್ ಪುಳಕ್ ಎಂದು ಅಲ್ಲಿಗೆ ಜಾರಿಕೊಂಡವು. ಬಾಯಿ ತೆರೆದು ಉಸಿರಾಡಿದವು. ಬದುಕಿದವು!

ಇಂದಿಗೂ ನೋಡು ಮಗು, ಹುಟ್ಟು ಹಾಕುತ್ತ ಬರುವ ಕಯಾಕ್ ಎಂಬ ಪುಟ್ಟ ದೋಣಿ ಭೋರ್ಗರೆಯುವ ನೊರೆಯಲ್ಲಿ ಎಗರಿ, ಒಳಗೆ ಕೂತವರನ್ನು ತೋಯಿಸಿ, ಬಂಡೆಯ ಹಿಂದೆ ಸುಮ್ಮನೆ ನಿಂತ ನೀರಿಗೆ ಜಾರಿ ಸುಧಾರಿಸಿಕೊಳ್ಳುತ್ತದಲ್ಲ, ಅಲ್ಲಿ ಹೊಳೆ ಇನ್ನೂ ಗಂಡನ ಹೆಸರು ಹೇಳಿಲ್ಲ. ಕರಿಯವ್ವ ಇನ್ನೂ ದಾರಿ ಬಿಟ್ಟಿಲ್ಲ.