ಜಗಳದ ಒಲೆ

"ಬುದ್ಧೀ, ಐರೋಪ್ಯರು ಭೂಮಿಯ ಬಹುಪಾಲನ್ನು ನುಂಗಿ ನೀರು ಕುಡಿದರು. ಆದರೂ ಕೆಲವು ದೇಶಗಳು ಅವರ ಕೈಗೆ ಸಿಕ್ಕಲಿಲ್ಲ. ಅವು ಹೇಗೆ ಉಳಿದವು?"

ಕೇಳಿದವನು ಕೊಟ್ರಯ್ಯ. ಮಠದ ಶಾಲೆಯಲ್ಲಿ ಇತಿಹಾಸ ಹೇಳುವವನು, ಗುರುಗಳ ಹಿರಿಯ ಶಿಷ್ಯರಿಬ್ಬರಲ್ಲಿ ಒಬ್ಬ. ಇನ್ನೊಬ್ಬ ಪಂಚಾಕ್ಷರಿ. ಶಾಲೆಯ ಆಡಳಿತ ಯಾರ ಕೈಗೆ ಹೋಗಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನೂ ನಿಲ್ಲಿಸಿದ್ದರು. ಅಂದು ಬೆಳಿಗ್ಗೆ ಕೊಟ್ರಯ್ಯ ಪೇಟೆಗೆ ಹೋಗಿ ಒಬ್ಬ ಸಾಹುಕಾರನನ್ನು ಕಂಡು ಬಂದಿದ್ದ. ಶಾಲೆಯ ವಿಷಯ ತೀರ್ಮಾನವಾಗುವ ಮಠದ ಸಭೆಯ ದಿನ ತನ್ನ ಜನರನ್ನೆಲ್ಲ ಕರೆತರುವೆನೆಂದೂ, ಆಡಳಿತ ಕೊಟ್ರಯ್ಯನ ಕೈಗೆ ಬಂದಂತೆಯೇ ಎಂದೂ ಸಾಹುಕಾರ ಮಾತು ಕೊಟ್ಟಿದ್ದ. ಈ ಸಂಗತಿ ಮಠದಲ್ಲಿ ಯಾರಿಗೂ ಗೊತ್ತಿಲ್ಲವೆಂದು ಕೊಟ್ರಯ್ಯ ನಂಬಿದ್ದ. ಮನಸ್ಸು ಹಗುರವಾಗಿತ್ತು. ಹಾಗಾಗಿ ಜಗಲಿಯ ಮೇಲೆ ಕುಳಿತು, ಬಹಳ ದಿನಗಳಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆಯನ್ನು ಗುರುಗಳ ಮುಂದಿಟ್ಟ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ನಿನಗೆ ಏನನ್ನಿಸುತ್ತದೆ?" ಎಂದರು.

"ಇಥಿಯೋಪಿಯ ಯುದ್ಧ ಮಾಡಿ ಗೆದ್ದಿತು. ಸಯಾಮ್ ಎರಡು ಸಾಮ್ರಾಜ್ಯಗಳ ನಡುವೆ ಹೇಗೋ ನಿಭಾಯಿಸಿಕೊಂಡಿತು. ಜಪಾನ್ ಅವರ ವಿದ್ಯೆಯನ್ನೇ ಕಲಿಯಿತು. ಇಷ್ಟು ಓದಿದ್ದೇನೆ, ಬುದ್ಧೀ. ಆದರೆ ಬೆಟ್ಟವಿದ್ದ ದೇಶಗಳೂ ಹೋದವು, ಬಂದೂಕುಗಳಿದ್ದ ದೇಶಗಳೂ ಹೋದವು. ಅದಕ್ಕೇ ಕೇಳುತ್ತಿದ್ದೇನೆ."

"ಓದಿದ್ದು ಸುಳ್ಳಲ್ಲ. ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ನಾನು ನಿನ್ನ ಪುಸ್ತಕದಲ್ಲಿಲ್ಲದ ದೇಶವೊಂದರ ಕತೆ ಹೇಳುತ್ತೇನೆ. ಅದು ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕುತ್ತ ಕೂರಬೇಡ" ಎಂದು ಗುರುಗಳು ಕತೆ ಆರಂಭಿಸಿದರು.

ಎರಡು ನದಿಗಳ ನಡುವೆ ಒಂದು ಸಣ್ಣ ದೇಶವಿತ್ತು. ಮೂಡಣ ನದಿಯಾಚೆಯ ನಾಡನ್ನು ಐರೋಪ್ಯರ ಒಂದು ಕಂಪನಿ ಹಿಡಿದಿತ್ತು. ಪಡುವಣ ನದಿಯಾಚೆಯ ನಾಡನ್ನು ಇನ್ನೊಂದು ಕಂಪನಿ ಹಿಡಿದಿತ್ತು. ಎರಡಕ್ಕೂ ಹಾವು ಮುಂಗುಸಿಯ ನಂಟು. ಎರಡಕ್ಕೂ ನಡುವಿನ ಈ ದೇಶದ ಮೇಲೆ ಕಣ್ಣು.

ಆ ದೇಶದಲ್ಲಿ ಒಂದು ಪದ್ಧತಿಯಿತ್ತು. ಇಬ್ಬರು ಜಗಳವಾಡಿ ಮಾತು ಬಿಟ್ಟರೆ, ಊರ ಹಿರಿಯರು ಬಂದು ಇಬ್ಬರ ಮನೆಯ ಒಲೆಗೂ ನೀರು ಸುರಿಯುತ್ತಿದ್ದರು. ಊರ ನಡುವೆ ಒಂದು ಮಣ್ಣಿನ ಒಲೆ ಇತ್ತು. ಅದಕ್ಕೆ ಕಟ್ಟಿಗೆ ತಳ್ಳುವ ಬಾಯಿ ಒಂದೇ, ಪಾತ್ರೆ ಇಡುವ ಜಾಗ ಎರಡು. ಜಗಳ ಮುಗಿಯುವವರೆಗೆ ಇಬ್ಬರೂ ಅಲ್ಲೇ ಬೇಯಿಸಿಕೊಳ್ಳಬೇಕು. ಒಬ್ಬ ಕೊಳ್ಳಿಯನ್ನು ತನ್ನ ಕಡೆಗೇ ಎಳೆದುಕೊಂಡರೆ ಇನ್ನೊಬ್ಬನ ಅನ್ನ ಬೇಯದು. ಆದ್ದರಿಂದ ಎಷ್ಟೇ ಹಗೆಯಿದ್ದರೂ 'ಕೊಳ್ಳಿ ಸ್ವಲ್ಪ ಈಚೆ ತಳ್ಳು' ಎನ್ನುವಷ್ಟಾದರೂ ಬಾಯಿ ಬಿಡಲೇಬೇಕಿತ್ತು. ಜನ ಅದನ್ನು ಜಗಳದ ಒಲೆ ಎಂದೇ ಕರೆಯುತ್ತಿದ್ದರು.

ಆ ದೇಶದ ಮುದಿ ರಾಜ ತೀರಿಕೊಂಡ. ಅವನಿಗೆ ಇಬ್ಬರು ಮಕ್ಕಳು. ಹಿರಿಯನಾದ ತನಗೇ ಪಟ್ಟ ಎಂದು ಅಣ್ಣ. ಗಡಿ ಕಾದವನು ತಾನು, ಆದ್ದರಿಂದ ಪಟ್ಟ ತನಗೇ ಎಂದು ತಮ್ಮ. ಮಾತಿಗೆ ಮಾತು ಬೆಳೆಯಿತು. ಹಿರಿಯರು ರಾಜಕುಮಾರರೆಂದು ಮುಖ ನೋಡಲಿಲ್ಲ. ಅರಮನೆಯ ಎರಡೂ ಅಡಿಗೆಮನೆಗಳ ಒಲೆಗೆ ನೀರು ಸುರಿದರು. ಹುಟ್ಟಿದಾಗಿನಿಂದ ಒಂದು ಸೌಟು ಹಿಡಿಯದ ಇಬ್ಬರೂ ಮಡಕೆ ಹೊತ್ತುಕೊಂಡು ಬೀದಿಗೆ ಬಂದರು.

ತಮ್ಮನಿಗೆ ಎಲ್ಲದರಲ್ಲೂ ಕುತೂಹಲ. ಕೈಗೆ ಸಿಕ್ಕಿದ್ದನ್ನು ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ಆದರೆ ಕುತೂಹಲದಿಂದ ಅನ್ನ ಬೇಯುವುದಿಲ್ಲ. ಅವನ ಅನ್ನ ತಳದಲ್ಲಿ ಸೀಯುತ್ತಿತ್ತು, ಮೇಲೆ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಹೊಗೆಗೆ ಕಣ್ಣು ಊದಿಕೊಂಡಿತು.

ಆಗ ಮೂಡಣ ಕಂಪನಿಯ ಅಧಿಕಾರಿ ಅವನನ್ನು ಕಾಣಲು ಬಂದ. ರಾಜಕುಮಾರನಿಗೆ ಇಂಥ ಪಾಡೇ ಎಂದು ಮರುಗಿದ. ಮರುದಿನವೇ ಒಂದು ಕಬ್ಬಿಣದ ಒಲೆಯನ್ನು ಕಾಣಿಕೆಯಾಗಿ ತರಿಸಿಕೊಟ್ಟ. ಅದಕ್ಕೆ ಬಾಗಿಲಿತ್ತು, ಹೊಗೆ ಹೋಗುವ ಕೊಳವೆಯಿತ್ತು. ಬಾಗಿಲ ಮೇಲೆ ಕಂಪನಿಯ ಮುದ್ರೆಯಿತ್ತು. 'ಇದನ್ನು ನಿಮ್ಮ ಮನೆಯೊಳಗೇ ಇಟ್ಟುಕೊಳ್ಳಿ. ನೀವು ಒಂದು ದಿನ ಗೊತ್ತುಮಾಡಿ ಹೇಳಿದರೆ, ನಮ್ಮ ಪಡೆ ನದಿ ದಾಟಿ ಬಂದು ನಿಮ್ಮನ್ನು ಪಟ್ಟದಲ್ಲಿ ಕೂರಿಸುತ್ತದೆ' ಎಂದ.

ತಮ್ಮ ಒಲೆಯ ಸುತ್ತ ತಿರುಗಿದ. ಬಾಗಿಲು ತೆರೆದ, ಮುಚ್ಚಿದ, ಮತ್ತೆ ತೆರೆದ. ಇದಕ್ಕೆ ಏನು ಹಾಕಬೇಕು ಎಂದು ಕೇಳಿದ. ಕಟ್ಟಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಕಲ್ಲಿದ್ದಲೇ ಆಗಬೇಕು ಎಂದ ಅಧಿಕಾರಿ. ಕಲ್ಲಿದ್ದಲು ಎಲ್ಲಿಂದ ಬರುತ್ತದೆ? ನಮ್ಮ ಹಡಗಿನಲ್ಲಿ. ತಂದದ್ದನ್ನು ಎಲ್ಲಿಡುತ್ತೀರಿ? ನಿಮ್ಮ ನದಿಯ ದಡದಲ್ಲಿ ಒಂದು ಉಗ್ರಾಣ ಕಟ್ಟಿಕೊಳ್ಳುತ್ತೇವೆ. ಕಾಯುವವರು? ನಮ್ಮ ಸಿಪಾಯಿಗಳು. ಅವರು ತಪ್ಪು ಮಾಡಿದರೆ ವಿಚಾರಿಸುವವರು? ನಾವೇ ವಿಚಾರಿಸಿಕೊಳ್ಳುತ್ತೇವೆ, ನಿಮಗೇಕೆ ಆ ತೊಂದರೆ?

ತಮ್ಮ ಎಲ್ಲವನ್ನೂ ಕೇಳಿದ, ಎಲ್ಲಕ್ಕೂ ತಲೆಯಾಡಿಸಿದ. ಅವನಿಗೆ ಆಗಲೇ ಅನುಮಾನ ಬಂತೇ? ಬರಲಿಲ್ಲ. ಅಂದು ಅನ್ನ ಮಲ್ಲಿಗೆಯಂತೆ ಅರಳಿತ್ತು. ಹೊಟ್ಟೆ ತುಂಬ ಉಂಡು, ನಾಳೆ ದಿನ ಗೊತ್ತುಮಾಡಿ ಹೇಳುತ್ತೇನೆ ಎಂದು ಮಾತು ಕೊಟ್ಟ.

ಇನ್ನು ಬೀದಿಯ ಒಲೆಯ ಹಂಗು ತನಗಿಲ್ಲವೆಂದು ಅಣ್ಣನ ಮುಖಕ್ಕೆ ಹೇಳಬೇಕೆನ್ನಿಸಿತು. ಸಂಜೆ ಅಲ್ಲಿಗೆ ಹೋದ. ಅಣ್ಣ ಮಂಡಿಯೂರಿ ಊದುಗೊಳವೆಯಿಂದ ಬೆಂಕಿ ಊದುತ್ತಿದ್ದ. ಒಲೆಯ ಮೇಲೆ ಎರಡು ಮಡಕೆಗಳಿದ್ದವು. ಎರಡನೆಯದು ತಮ್ಮನದು. ಅದರಲ್ಲಿ ಬರಿಯ ನೀರು ಕುದಿಯುತ್ತಿತ್ತು.

ತಮ್ಮ ಬಾಗಿ ಮಡಕೆಯೊಳಗೆ ನೋಡಿದ. "ನನ್ನ ಮಡಕೆ ಯಾಕೆ ಇಟ್ಟೆ?" ಎಂದ.

"ಪ್ರೀತಿಯಿಂದ ಎಂದುಕೊಳ್ಳಬೇಡ. ಆ ಕಡೆ ಖಾಲಿ ಬಿಟ್ಟರೆ ಉರಿಯೆಲ್ಲ ಅಲ್ಲಿಂದಲೇ ಹಾರಿಹೋಗುತ್ತದೆ. ನನ್ನ ಅನ್ನ ಬೇಯುವುದಿಲ್ಲ."

"ನಾನಿನ್ನು ಇಲ್ಲಿಗೆ ಬರುವುದಿಲ್ಲ. ನನಗೆ ಬೇರೆ ಒಲೆ ಬಂದಿದೆ."

"ನನಗೂ ಬಂದಿದೆ. ಪಡುವಣದವರು ಕಳಿಸಿದ್ದಾರೆ. ನಾಳೆಯಿಂದ ನಾನೂ ಬರುವುದಿಲ್ಲ" ಎಂದ ಅಣ್ಣ.

ತಮ್ಮನ ಕುತೂಹಲ ಕೆರಳಿತು. ಹಗೆಯನ್ನೂ ಮರೆತು ಅಣ್ಣನ ಪಕ್ಕದಲ್ಲಿ ಕುಕ್ಕರಿಸಿದ. "ಅದಕ್ಕೆ ಏನು ಹಾಕಬೇಕಂತೆ?"

"ಕಲ್ಲಿದ್ದಲು."

"ಅದನ್ನು ಎಲ್ಲಿಡುತ್ತಾರಂತೆ?"

ಅಣ್ಣ ಊದುವುದನ್ನು ನಿಲ್ಲಿಸಿದ. ತಮ್ಮನ ಮುಖವನ್ನೇ ನೋಡಿದ. "ನದಿಯ ದಡದಲ್ಲಿ. ಯಾಕೆ, ನಿನಗೂ ಹೀಗೆಯೇ ಹೇಳಿದರೇ?"

ತಮ್ಮ ಹೌದೆಂದು ತಲೆಯಾಡಿಸಿದ. ತಾನೇ ಕೇಳಿದ ಪ್ರಶ್ನೆಗಳು, ಅಧಿಕಾರಿ ಕೊಟ್ಟ ಉತ್ತರಗಳು ಒಂದೊಂದಾಗಿ ನೆನಪಿಗೆ ಬಂದವು. ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. "ಪಡೆ ಬರುವ ದಿನವನ್ನು ನಾಳೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ" ಎಂದ. ಅಣ್ಣ, "ನಾನೂ ಕೊಟ್ಟಿದ್ದೇನೆ" ಎಂದು ಕೊಳ್ಳಿಯನ್ನು ತಮ್ಮನ ಮಡಕೆಯ ಕಡೆಗೆ ತಳ್ಳಿದ.

ಮರುದಿನ ಎರಡು ಒಲೆಗಳೂ ಬಂಡಿ ಏರಿದವು. ಮೂಡಣದವರು ಕೊಟ್ಟ ಒಲೆ ಪಡುವಣಕ್ಕೆ ಹೋಯಿತು, ಪಡುವಣದವರದು ಮೂಡಣಕ್ಕೆ. ಜೊತೆಗೆ ಅಣ್ಣತಮ್ಮಂದಿರು ಹೇಳಿ ಕಳಿಸಿದ ಮಾತು ಒಂದೇ. ಇದನ್ನು ಆಚೆ ದಡದವರು ಕೊಟ್ಟರು, ನಮಗೆ ಬೇಡ, ನೀವೇ ಇಟ್ಟುಕೊಳ್ಳಿ. ಎರಡು ಕಡೆಯ ಅಧಿಕಾರಿಗಳೂ ಒಲೆಯ ಬಾಗಿಲ ಮೇಲಿದ್ದ ಮುದ್ರೆ ನೋಡಿದರು. ತಾವು ನದಿ ದಾಟಿದ ದಿನವೇ ಎದುರಾಳಿಯೂ ದಾಟುತ್ತಾನೆ ಎಂಬುದು ಇಬ್ಬರಿಗೂ ತಿಳಿಯಿತು. ಆ ಯುದ್ಧ ಇಬ್ಬರಿಗೂ ಬೇಕಿರಲಿಲ್ಲ. ಪಡೆಗಳು ತಮ್ಮ ತಮ್ಮ ದಡದಲ್ಲೇ ನಿಂತವು.

ಆದರೂ ಎರಡು ಕಂಪನಿಗಳೂ ಬರಿಗೈಯಲ್ಲಿ ಹೋಗಲಿಲ್ಲ. ಸುಮ್ಮನಿರುವುದಕ್ಕೂ ಬೆಲೆ ಕೇಳಿದರು. ಮೂಡಣ ದಡದ ಉಪ್ಪಿನ ಬಯಲು ಮೂಡಣ ಕಂಪನಿಗೆ ಹೋಯಿತು. ಪಡುವಣ ದಡದ ಬಂದರು ಪಡುವಣ ಕಂಪನಿಗೆ ಹೋಯಿತು. ಅಲ್ಲಿಯ ಜನ ಗಂಟುಮೂಟೆ ಹೊತ್ತು ಒಳನಾಡಿಗೆ ಬಂದ ದಿನ ಅಣ್ಣ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ತಮ್ಮ ಅವರಿಗೆಲ್ಲ ಗಂಜಿ ಕಾಯಿಸಿದ. ಉಳಿದದ್ದು ಮೊದಲಿಗಿಂತ ಸಣ್ಣ ದೇಶ. ಆದರೆ ಅದು ಅವರದೇ ಆಗಿ ಉಳಿಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಮತ್ತೆ ಬೀಜ ಬಿಡಿಸತೊಡಗಿದರು. ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ.

"ಪಟ್ಟ ಯಾರಿಗಾಯಿತು, ಬುದ್ಧೀ? ಜಗಳ ಮುಗಿಯಿತೇ?"

"ಎಲ್ಲಿ ಮುಗಿಯಿತು! ಬದುಕಿರುವವರೆಗೂ ಆಡಿದರು. ಆಡಿದ್ದೆಲ್ಲ ಆ ಒಲೆಯ ಮುಂದೆಯೇ. ರಾಜ್ಯಭಾರವೂ ಅಲ್ಲೇ ನಡೆಯಿತು. ಬರಬರುತ್ತ ಅನ್ನ ಮಾತ್ರ ಚೆನ್ನಾಗಿ ಬೇಯುತ್ತಿತ್ತಂತೆ."

ಕೊಟ್ರಯ್ಯ ನಕ್ಕ. "ಅವರ ನೆರೆಯ ದೇಶಗಳು?"

"ಅವಕ್ಕೆ ಇದಕ್ಕಿಂತ ದೊಡ್ಡ ಸೈನ್ಯವಿತ್ತು, ದಟ್ಟವಾದ ಕಾಡಿತ್ತು. ಅಲ್ಲಿಯೂ ಅಣ್ಣತಮ್ಮಂದಿರಿದ್ದರು. ಅಲ್ಲಿಗೂ ಕಬ್ಬಿಣದ ಒಲೆ ಬಂತು. ಅದನ್ನು ಒಳಗಿಟ್ಟುಕೊಂಡವನು ಬಾಗಿಲು ಹಾಕಿಕೊಂಡು ಒಬ್ಬನೇ ಉಂಡ."

ಕೊಟ್ರಯ್ಯನ ಕಣ್ಣು ಅರಳಿತು. ಹುಡುಕುತ್ತಿದ್ದ ಉತ್ತರ ಕೈಗೆ ಸಿಕ್ಕಿತೆಂದು ಅವನಿಗೆ ಬಹಳ ಸಂತೋಷವಾಯಿತು. ನಾಳೆಯೇ ತರಗತಿಯಲ್ಲಿ ಇದನ್ನು ಹೇಳಬೇಕೆಂದುಕೊಂಡ. "ಹಾಗಾದರೆ, ಬುದ್ಧೀ, ಹೊರಗಿನವನಿಗೆ ದಾರಿ ಮಾಡಿಕೊಟ್ಟದ್ದು ಒಳಗಿನವರ ಮುನಿಸು! ಒಡಹುಟ್ಟಿದವನ ಜೊತೆ ಕೂತು ಹೊಗೆ ಕುಡಿಯಲು ಒಪ್ಪದವನು ಮನೆಯನ್ನೇ ಕೊಟ್ಟುಬಿಟ್ಟ!" ಎಂದು ಗಟ್ಟಿಯಾಗಿ ಹೇಳಿದ.

ಒಳಗೆ ದಾಸೋಹದ ಅಡಿಗೆಮನೆಯಲ್ಲಿ ಪಂಚಾಕ್ಷರಿ ಒಬ್ಬನೇ ಕೂತು ಉಣ್ಣುತ್ತಿದ್ದುದು ಜಗಲಿಗೆ ಕಾಣುತ್ತಿತ್ತು. ಗುರುಗಳು ಬಿಡಿಸಿದ ಹುಣಸೆಹಣ್ಣನ್ನು ಬುಟ್ಟಿಗೆ ತುಂಬಿ, ಕೊಟ್ರಯ್ಯನ ಕಡೆ ತಿರುಗಿದರು.

"ಸಭೆಯ ದಿನ ಸಾಹುಕಾರನ ಕಡೆಯವರು ಎಷ್ಟು ಮಂದಿ ಬರುತ್ತಾರೆ, ಕೊಟ್ರಯ್ಯ? ಅಡಿಗೆಗೆ ಹೇಳಬೇಕು."