ಎಡಕ್ಕೆ ಬಿದ್ದ ಹೂವು

"ಗುರುಗಳೇ, ಒಂದು ಕತೆ ಬರೆಯಲು ಯೋಗ್ಯವೋ ಅಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಸೋಮಲಿಂಗ ಕೇಳಿದ.

ಅವನ ಮನಸ್ಸಿನಲ್ಲಿದ್ದದ್ದು ಸೋದರತ್ತೆಯ ಕತೆ. ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡಿದ ಆಕೆ ಸ್ವಂತ ಮಗಳ ಮದುವೆಯಲ್ಲಿ ಮಾತ್ರ ಬಾಯಿ ತೆರೆದಿರಲಿಲ್ಲ. ಅದನ್ನು ಬರೆಯಬೇಕೆಂದು ಅವನಿಗೆ ಬಹಳ ದಿನದ ಆಸೆ. ಬರೆದು ಕೆಡಿಸಿದರೆ ಅತ್ತೆಗೆ ಅನ್ಯಾಯ ಮಾಡಿದಂತೆ ಎಂಬ ಭಯವೂ ಅಷ್ಟೇ ಇತ್ತು. ಗೆಳೆಯರನ್ನು ಕೇಳಿದ್ದ. ಒಬ್ಬ ಭೇಷ್ ಎಂದಿದ್ದ, ಇನ್ನೊಬ್ಬ ಆಕಳಿಸಿದ್ದ. ಗುರುಗಳು ಹ್ಞೂಂ ಎಂದರೆ ಬರೆಯುವುದು, ಇಲ್ಲವಾದರೆ ಬಿಡುವುದು ಎಂದುಕೊಂಡು ಬಂದಿದ್ದ. ಅತ್ತೆ ಹಾಡದೆ ಉಳಿದ ಸಂಗತಿಯನ್ನು ಅವರಿಗೂ ಹೇಳಿದ.

ಗುರುಗಳು ಹೇಳಿದರು:

ಇಬ್ಬರು ರೈತರಿಗೆ ಬಾವಿ ತೋಡುವ ಮನಸ್ಸಾಯಿತು. ತೋಡುವ ಮೊದಲು ದೇವಿಯ ಗುಡಿಗೆ ಹೋಗಿ ಹೂ ಕೇಳುವುದು ಆ ಊರಿನ ಪದ್ಧತಿ. ದೇವಿಯ ಮೈಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ.

ಮೊದಲನೆಯವನಿಗೆ ಎಡಕ್ಕೆ ಬಿತ್ತು. ಕೈಮುಗಿದ. ಸದ್ಯ, ಮೈಮುರಿದು ದುಡಿಯುವುದು ತಪ್ಪಿತು ಎಂದು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿದ. ಅವನದೇನೂ ತಪ್ಪಿಲ್ಲ.

ಎರಡನೆಯವನಿಗೂ ಎಡಕ್ಕೇ ಬಿತ್ತು. "ಹೂವು ಒದ್ದೆಯಾಗಿತ್ತು ಪೂಜಾರಪ್ಪ, ಜಾರಿತು. ಇನ್ನೊಮ್ಮೆ ಕೇಳಿ ನೋಡಿ" ಎಂದ. ಪೂಜಾರಿ ಬೇರೆ ಹೂವಿಟ್ಟ. ಅದೂ ಎಡಕ್ಕೆ ಬಿತ್ತು. ರೈತ ತಲೆ ಕೆರೆದುಕೊಂಡ. "ಎಡ ಅಂದರೆ ಯಾರ ಎಡ? ನಮ್ಮದೋ, ಅಮ್ಮನದೋ?"

ಹುಟ್ಟಿದಾಗಿನಿಂದ ಆ ಗುಡಿಗೆ ನಡೆದುಕೊಂಡವನು ಕೇಳುವ ಮಾತೇ ಇದು! ಪೂಜಾರಿ ನಕ್ಕುಬಿಟ್ಟ. "ಅಮ್ಮ ಬೇಡ ಅಂದಳು, ನಿನ್ನ ಕಿವಿಗೆ ಅದು ಬೀಳಲೇ ಇಲ್ಲ. ನಿನ್ನ ಮನಸ್ಸಿನಲ್ಲಿ ಬಾವಿ ಆಗಲೇ ಅರ್ಧ ತೋಡಿಯಾಗಿದೆ. ಹೋಗಪ್ಪಾ, ಉಳಿದದ್ದನ್ನು ಹೊಲದಲ್ಲಿ ತೋಡು" ಎಂದ. ರೈತ ಹೋಗಿ ಗುದ್ದಲಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ನೀರು ಬಂತೇ?" ಎಂದ ಸೋಮಲಿಂಗ.

"ಮೊದಲು ಬಂಡೆ ಬಂತು. ಅದನ್ನು ಒಡೆಯುತ್ತ ಕೂತ."

ಸೋಮಲಿಂಗನಿಗೆ ಸಮಾಧಾನವಾಗಲಿಲ್ಲ. "ಅದಿರಲಿ ಗುರುಗಳೇ, ನನ್ನ ಅತ್ತೆಯ ಕತೆ ಯೋಗ್ಯವೋ ಅಲ್ಲವೋ, ತಾವು ಒಂದು ಮಾತು ಹೇಳಿಬಿಡಿ" ಎಂದು ಅಂಗಲಾಚಿದ.

"ಯೋಗ್ಯವಲ್ಲ. ಬಿಟ್ಟುಬಿಡು."

ಸೋಮಲಿಂಗನಿಗೆ ತಡೆಯಲಾಗಲಿಲ್ಲ. "ಹಾಗಲ್ಲ ಗುರುಗಳೇ, ಅತ್ತೆ ಅಂದು ಯಾಕೆ ಹಾಡಲಿಲ್ಲ ಎಂಬುದನ್ನು ನಾನಿನ್ನೂ ಹೇಳಿಯೇ ಇಲ್ಲ!"

"ಮತ್ತೆ ಇಲ್ಲೇನು ಮಾಡುತ್ತಿದ್ದೀಯಪ್ಪಾ?" ಎಂದರು ಗುರುಗಳು.

ಸೋಮಲಿಂಗ ಬರೆಯಲು ಎದ್ದು ಮನೆಗೆ ಹೊರಟ.